ನೀರಿನ ಬಣ್ಣ ನೋಡಿ ಕಾಲಿಡಿ

ಪ್ರಶ್ನೆ: ಅಕ್ಕಾ, ಜುಲೈ ಕೊನೆಗೆ ಎರಡು ದಿನ ರಜೆ ಇದೆ. ಕೊಡಗಿನ ಮಲ್ಲಳ್ಳಿ ಜಲಪಾತ ನೋಡಲೇಬೇಕೆಂದು ಹನ್ನೊಂದು ವರ್ಷದ ಮಗಳ ಹಟ. ಮಂಡಿನೋವಿರುವ ಅತ್ತೆಯವರೂ ಬರುತ್ತಾರೆ. ಜಿಗಣೆಗೆ ಏನು ಮಾಡಬೇಕು? ಕೆಳಗೆ ನೀರಿಗಿಳಿದು ಆಡಬಹುದೇ?
– ಒಬ್ಬ ಶಿಕ್ಷಕಿ, ದಾವಣಗೆರೆ

ಉತ್ತರ: ಕೊನೆಯ ಪ್ರಶ್ನೆಯೇ ಮೊದಲಾಗಲಿ, ತಂಗೀ. ನೀರಿಗೆ ಇಳಿಯಬೇಡಿ. ಮಳೆಗಾಲದಲ್ಲಿ ಬಂಡೆಯ ಹತ್ತಿರಕ್ಕೂ ಬೇಡ.

ನನ್ನ ತವರು ಸೋಮವಾರಪೇಟೆ ಕಡೆ. ಹದಿನಾಲ್ಕರ ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಹಳ್ಳ ದಾಟಿ ಏಲಕ್ಕಿ ಕೊಯ್ಯಲು ಹೋಗಿದ್ದೆ. ದಾಟುವಾಗ ನೀರು ಹಿಮ್ಮಡಿಯಷ್ಟೂ ಇರಲಿಲ್ಲ. ನೆತ್ತಿಯ ಮೇಲೆ ಒಳ್ಳೇ ಬಿಸಿಲು. ಬುತ್ತಿ ಬಿಚ್ಚುವ ಹೊತ್ತಿಗೆ ಅಪ್ಪ ಹಳ್ಳದ ಕಡೆ ನೋಡಿ ಎದ್ದು ನಿಂತರು. ತಿಳಿಯಾಗಿದ್ದ ನೀರು ಬೆಲ್ಲದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ತರಗೆಲೆ, ಕಡ್ಡಿ ತೇಲಿ ಬರುತ್ತಿದ್ದವು. "ಮೇಲೆ ಮಳೆ ಹೊಡೀತಾ ಇದೆ" ಅಂದರು. ಚೀಲ ಕಟ್ಟುವಷ್ಟರಲ್ಲಿ ಸೊಂಟದ ಮಟ್ಟ ಬಂತು. ಕತ್ತಲಾಗುವವರೆಗೂ ಆಚೆ ದಡದಲ್ಲೇ ಕೂತಿದ್ದೆವು. ಅಪ್ಪ ನನ್ನ ಕೈ ಬಿಡಲೇ ಇಲ್ಲ.

ಮಲ್ಲಳ್ಳಿಯಲ್ಲಿ ಧುಮುಕುವುದು ಕುಮಾರಧಾರೆ. (ನಮ್ಮ ಕಾವೇರಿ ಮೂಡಲಿಗೆ ಹೋದರೆ ಇವಳು ಪಡುವಲಿಗೆ ಇಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತಾಳೆ.) 1,712 ಮೀಟರ್ ಎತ್ತರದ ಪುಷ್ಪಗಿರಿ ಬೆಟ್ಟಸಾಲಿನಲ್ಲಿ ಬಿದ್ದ ಮಳೆ ಕಣಿವೆಯಲ್ಲಿ ನಿಂತ ನಿಮಗೆ ಕಾಣುವುದೇ ಇಲ್ಲ, ಆದರೆ ಅದರ ನೀರು ನಿಮ್ಮ ಕಾಲಬುಡಕ್ಕೇ ಬರುತ್ತದೆ. ಬಣ್ಣ ಕದಡಿತೋ, ಎಲೆ ಕಡ್ಡಿ ಬಂತೋ, ಸದ್ದು ದಪ್ಪವಾಯಿತೋ, ಫೋಟೋ ಬಿಟ್ಟು ಮೇಲೆ ಹತ್ತಿ. ಇದನ್ನು ಮಗಳಿಗೂ ಹೇಳಿಕೊಡಿ.

ಆದರೆ ಜುಲೈ ಯಾಕೆ? 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಕುಸಿದದ್ದು ನೋಡಿದ ಮೇಲೆ ಜಡಿಮಳೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬನ್ನಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಅಕ್ಟೋಬರ್ ಕೊನೆ, ನವೆಂಬರ್ ಚೆನ್ನ. ನೀರು ತುಂಬಿಯೇ ಇರುತ್ತದೆ, ಮಂಜೂ ಅಷ್ಟಾಗಿ ಅಡ್ಡ ಬರುವುದಿಲ್ಲ.

ಕೆಳಗೆ ಹೋಗಲು ನೂರಾರು ಮೆಟ್ಟಿಲು. ಇಳಿಯುವಾಗ ಸಲೀಸು ಅನ್ನಿಸಿದರೂ ಮಂಡಿಗೆ ಪೆಟ್ಟು ಬೀಳುವುದು ಅಲ್ಲೇ, ಆಮೇಲೆ ಅಷ್ಟನ್ನೂ ಹತ್ತಬೇಕು. ಅತ್ತೆಯವರು ಮೇಲಿನಿಂದಲೇ ನೋಡಲಿ. ಒಬ್ಬರನ್ನೇ ಕೂರಿಸಬೇಡಿ, ಸರದಿಯಲ್ಲಿ ಜೊತೆಗಿರಿ.

ಜಿಗಣೆಗೆ ಹೆದರಬೇಕಿಲ್ಲ. ನಮ್ಮ ತೋಟದವರು ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಳ್ಳುತ್ತಾರೆ. ಶೂ ಮೇಲೆ ಹತ್ತಿದ್ದಕ್ಕೆ ಮುಟ್ಟಿಸಿದರೆ ಉದುರುತ್ತದೆ. ಆಗಲೇ ಕಚ್ಚಿ ಹಿಡಿದಿದ್ದರೆ ಉಪ್ಪು, ಬೆಂಕಿಕಡ್ಡಿ ಬೇಡ. ಅದರ ಸಣ್ಣ ತುದಿಯಲ್ಲಿ ಬಾಯಿ ಇರುತ್ತದೆ, ಅಲ್ಲಿ ಉಗುರು ತೂರಿಸಿ ಬಿಡಿಸಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಹಾಗಾಗಿ ಸ್ವಲ್ಪ ಹೊತ್ತು ಒಸರುತ್ತದೆ. ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ಮಗಳಿಗೆ ಉದ್ದ ಪ್ಯಾಂಟ್ ಹಾಕಿಸಿ, ಅದರ ತುದಿ ಕಾಲುಚೀಲದೊಳಗೆ ಸೇರಿಸಿ. ಕಾಲುಚೀಲ ತಿಳಿ ಬಣ್ಣದ್ದಿರಲಿ, ಜಿಗಣೆ ಹತ್ತಿದ್ದು ಅವಳ ಕಣ್ಣಿಗೇ ಬೀಳುತ್ತದೆ.