ಏಳು ಗಂಟು

ಮನಸ್ಸಿಗೆ ನೆಮ್ಮದಿ ಕೊಡುವ ಊಟದಿಂದ ಅಧ್ಯಾತ್ಮದ ಪಾಠ ಏನಾದರೂ ಸಿಕ್ಕಿದೆಯಾ ಅಂತ ಕೇಳಿದ್ದೀರಿ. ಅಧ್ಯಾತ್ಮ ನನಗೆ ಸ್ವಲ್ಪ ದೊಡ್ಡ ಮಾತು. ಮುದ್ದೆ ಮಾಡೋದು ಕಲಿತ ಕಥೆ ಬೇಕಾದರೆ ಹೇಳುತ್ತೇನೆ.

ನಮ್ಮದು ಚಿತ್ರದುರ್ಗ. ಪಕ್ಕದ ದಾವಣಗೆರೆಯವರನ್ನು ಕೇಳಿದ್ದರೆ ಬೆಣ್ಣೆ ದೋಸೆ ಅನ್ನುತ್ತಿದ್ದರೇನೋ. ನಮ್ಮನೆಯಲ್ಲಿ ನೆಮ್ಮದಿ ಅಂದರೆ ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಬಸಿದ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ.

ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮನೆಯಲ್ಲಿ ನಾನು, ಅಪ್ಪ ಇಬ್ಬರೇ. ಅದೇ ಹೊತ್ತಿಗೆ ನಾನು ಕೆಲಸ ಮಾಡುತ್ತಿದ್ದ ಕಡೆ ಎರಡು ತಿಂಗಳಿಂದ ಸಂಬಳ ಇಲ್ಲ. ದಿನಕ್ಕೆ ಹತ್ತು ಸಲ ಅಕೌಂಟೆಂಟ್‌ಗೆ ಫೋನ್ ಮಾಡುತ್ತಿದ್ದೆ. ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡೇ ಮೊದಲ ದಿನ ಮುದ್ದೆ ಮಾಡಿದೆ. ಎಸರು ಬೆಚ್ಚಗಾಗಿತ್ತು ಅಷ್ಟೇ, ಹಿಟ್ಟು ಸುರಿದು ತಿರುವಿಬಿಟ್ಟೆ.

ಅಪ್ಪ ಏನೂ ಬೈಯಲಿಲ್ಲ. ಮುರಿದ ತುತ್ತಿನಲ್ಲಿ ಗಂಟು ಸಿಕ್ಕಿದಾಗೆಲ್ಲ ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟರು. ಮೇಲೆ ನೆಂದ ಹಿಟ್ಟು, ಒಡೆದರೆ ಒಳಗೆ ಒಣ ಪುಡಿ. ಊಟ ಮುಗಿದ ಮೇಲೆ, "ಏಳು ಅದಾವೆ ನೋಡು" ಅಂದರು.

ಆಮೇಲೆ ಅವರೇ ಕಲಿಸಿದರು. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಎಸರಿಗೆ ಮೊದಲು ಚಿಟಿಕೆ ಹಿಟ್ಟು ಕದಡಬೇಕು, ಚೆನ್ನಾಗಿ ಕುದಿಯಬೇಕು. ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಒಂದು ತೂತು ಮಾಡಿ, ಉರಿ ತಗ್ಗಿಸಿ, ಐದು ನಿಮಿಷ ಸುಮ್ನೆ ಬಿಡಬೇಕು. ರಾಗಿಗೆ ಗೋಧಿಯ ಜಿಗುಟು ಇಲ್ಲ. ಬಿಸಿ ನೀರಲ್ಲಿ ಬೆಂದರೆ ಮಾತ್ರ ಅದು ಒಂದಕ್ಕೊಂದು ಹಿಡಿಯೋದು. ತಿರುವೋಕೆ ತೋಳಲ್ಲಿ ಶಕ್ತಿ ಇದ್ದರೆ ಆಯ್ತು. ಆ ಐದು ನಿಮಿಷ ಕೋಲು ಮುಟ್ಟದೆ ನಿಲ್ಲೋದೇ ನನಗೆ ಜಾಸ್ತಿ ಕಷ್ಟವಾಗಿದ್ದು.

ಅಪ್ಪ ನಮ್ಮ ಜಿಲ್ಲೆಯದೇ ಸಂತ, ನಾಯಕನಹಟ್ಟಿ ತಿಪ್ಪೇಸ್ವಾಮಿಯ ಭಕ್ತರು. "ಮಾಡಿದಷ್ಟು ನೀಡು ಭಿಕ್ಷೆ" ಅನ್ನೋ ಸ್ವಾಮಿಯ ಮಾತು ಅವರ ಬಾಯಲ್ಲಿ ಸದಾ ಇರುತ್ತೆ. ಸ್ವಾಮಿ ಈ ಸೀಮೆಯಲ್ಲಿ ಕೆರೆ ಕಟ್ಟಿಸಿದಾಗ ಯಾರು ಎಷ್ಟು ಮಣ್ಣು ಹೊತ್ತರೋ ಅಷ್ಟೇ ಕೂಲಿ ಸಿಕ್ಕಿತಂತೆ. ಒಂದು ದಿನ ರೇಗಿ ಕೇಳಿಯೇಬಿಟ್ಟೆ: "ನಾನೂ ಮಾಡಿದೀನಲ್ಲಪ್ಪ, ಎಲ್ಲಿ ನನ್ನ ಭಿಕ್ಷೆ?" ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಸರು ಕುದೀತಾ ನೋಡು" ಅಂದರು. ಉತ್ತರ ಗೊತ್ತಿಲ್ಲದೆ ಹಾಗೆ ಹೇಳಿದರು ಅಂತ ನನಗೆ ಈಗಲೂ ಅನುಮಾನ.

ಆದರೆ ಅಷ್ಟರಲ್ಲಿ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಅಡುಗೆಗೆ ನಿಲ್ಲೋದು ರೂಢಿಯಾಗಿತ್ತು. ಊಟಕ್ಕೂ ಅಷ್ಟೇ. ಮುದ್ದೆ ಆರಿದರೆ ಬಿರುಸು, ಸಾರಲ್ಲಿ ಅದ್ದಿದ ಬೆರಳಲ್ಲಿ ಫೋನ್ ಮುಟ್ಟೋಕೂ ಆಗಲ್ಲ. ಅಗಿಯದೆ ನುಂಗಬೇಕಾದ ಊಟ, ಗಮನ ತಟ್ಟೆಯಲ್ಲೇ ಇರಬೇಕು ಅಲ್ವಾ? ದಿನದಲ್ಲಿ ಹದಿನೈದು ನಿಮಿಷ ಸಂಬಳದ ಯೋಚನೆ ಇಲ್ಲದೆ ಕೂತಿದ್ದೆ ಅಂದರೆ ಅದು ಆಗಲೇ.

ಸಂಬಳ ಇನ್ನೊಂದು ತಿಂಗಳಾದ ಮೇಲೆ ಬಂತು. ನಾನು ತಾಳ್ಮೆ ಕಲಿತದ್ದಕ್ಕೇನೂ ಅಲ್ಲ ಬಿಡಿ.

ಹೆಂಡತಿ, ಮಗು ಬಂದ ಮೇಲೂ ಭಾನುವಾರದ ಮುದ್ದೆ ನನ್ನದೇ. ಅಪ್ಪ ಎಣಿಸೋದು ಬಿಟ್ಟಿಲ್ಲ. ಹೋದ ವಾರ ಎರಡು.