ಅಡಿಯೋ ಮೀಟರೋ, ಮೊದಲು ಅದನ್ನು ನೋಡು

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಆರ್ಕಿಟೆಕ್ಚರ್ ನಾಲ್ಕನೇ ವರ್ಷ ಓದುತ್ತಿದ್ದೇನೆ. ವಿವಾದಕ್ಕೆ ಸಿಕ್ಕ ಒಂದು ಆಧುನಿಕ ಕಟ್ಟಡದ ಮೇಲೆ ಪ್ರಬಂಧ ಬರೆಯಬೇಕು. ನನ್ನ ಪಾಲಿಗೆ ಬಂದಿದ್ದು ಬೆಂಗಳೂರಿನ ವಿಧಾನಸೌಧ. ನೆಟ್‌ನಲ್ಲಿ ಎಲ್ಲಿ ನೋಡಿದರೂ ಅದೇ ನಾಲ್ಕು ಸಾಲು. ಅದನ್ನೇ ಬರೆದುಕೊಟ್ಟೆ. ‘ಇದರಲ್ಲಿ ನಿನ್ನದೇನಿದೆ?’ ಅಂತ ಗೈಡ್ ವಾಪಸ್ ಕೊಟ್ಟರು. ಬೆಂಗಳೂರಿಗೆ ಹೋಗಿ ಎರಡು ದಿನ ಇರಬಹುದು, ಅಷ್ಟೇ. ಎಲ್ಲಿಂದ ಶುರು ಮಾಡಲಿ?
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ತಂಗಿ, ಏಕವಚನದಲ್ಲೇ ಬರೆಯುತ್ತೇನೆ, ಬೇಜಾರಾಗಬೇಡ. ಆ ನಾಲ್ಕು ಸಾಲಿನಿಂದಲೇ ಶುರು ಮಾಡು. ಅದರಲ್ಲೇ ಒಂದು ಎಡವಟ್ಟಿದೆ.

ವಿಧಾನಸೌಧದ ಅಳತೆ 2,300 ಅಡಿ ಉದ್ದ, 1,150 ಅಡಿ ಅಗಲ ಅಂತ ಬಹಳ ಕಡೆ ಬರೆದಿರುತ್ತಾರೆ. ಗುಣಿಸಿ ನೋಡು. 60 ಎಕರೆ ಆಗುತ್ತದೆ! ಅಷ್ಟು ತೊಗರಿ ಹೊಲ ಇದ್ದವರನ್ನು ನಮ್ಮ ಕಡೆ ಗೌಡರು ಅಂತಾರೆ. ನಿಜವಾದ ಅಳತೆ 700 ಅಡಿಗೆ 350 ಅಡಿ. ಯಾರೋ ಪುಣ್ಯಾತ್ಮರು 700 ಅಡಿಯನ್ನು 700 ಮೀಟರ್ ಅಂದುಕೊಂಡು, ಅದನ್ನು ಮತ್ತೆ ಅಡಿಗೆ ತಿರುಗಿಸಿರಬೇಕು. ಉಳಿದವರು ಕಾಪಿ ಹೊಡೆದಿದ್ದಾರೆ. ಸ್ಯಾಟಲೈಟ್ ಮ್ಯಾಪ್ ತೆಗೆದು ನೀನೇ ಅಳೆದು ನೋಡು. ಸುಮಾರು 213 ಮೀಟರ್ ಬರಬೇಕು. ಬಂದರೆ ಪ್ರಬಂಧದಲ್ಲಿ ನಿನ್ನದು ಅನ್ನುವ ಮೊದಲ ಸಾಲು ಅದೇ.

ನಗಾಡಬೇಡ, ನಾನೂ ಇದೇ ತಪ್ಪು ಮಾಡಿದವನು. ಡ್ರಾಫ್ಟ್ಸ್‌ಮನ್ ಆಗಿ ಸೇರಿದ ಹೊಸತು. ಒಂದು ಹಳೇ ಶಾಲೆ ರಿಪೇರಿಗೆ ಅಳತೆ ತರಲು ಕಳಿಸಿದರು. ಟೇಪಿನ ಒಂದು ಮಗ್ಗುಲು ಅಡಿ, ಇನ್ನೊಂದು ಮಗ್ಗುಲು ಮೀಟರ್. ನಾನು ಓದಿದ್ದು ಅಡಿ, ನಕ್ಷೆಗೆ ಹಾಕಿದ್ದು ಮೀಟರ್. ಏಳು ಅಡಿ ಬಾಗಿಲು ಏಳು ಮೀಟರ್ ಆಯಿತು. ಸಾಹೇಬರು ಅಮೋನಿಯಾ ವಾಸನೆ ಹೊಡೆಯುತ್ತಿದ್ದ ಆ ಪ್ರಿಂಟನ್ನು ಎಲ್ಲರೆದುರು ಎತ್ತಿ ಹಿಡಿದು, ‘ಈ ಶಾಲೆಗೆ ಆನೆ ಅಂಬಾರಿ ಸಮೇತ ಬರ್ತದೇನಪಾ?’ ಅಂದರು. ಅವತ್ತಿನಿಂದ ಯಾವ ಅಂಕಿ ಕಂಡರೂ ಮೊದಲು ಅದರ ಪಕ್ಕದಲ್ಲಿ ಏನಿದೆ ಅಂತ ನೋಡುತ್ತೇನೆ.

ಖರ್ಚಿನ ಅಂಕಿಗೂ ಇದೇ ಮಾತು. ಒಬ್ಬರು 1.75 ಕೋಟಿ ಅಂತಾರೆ, ಇನ್ನೊಬ್ಬರು 1.84 ಕೋಟಿ. ಯಾವುದನ್ನು ಬರೆದರೂ ಯಾವ ಕಾಗದದಿಂದ ತೆಗೆದೆ, ಯಾವ ತಾರೀಕಿನ ಲೆಕ್ಕ, ಪೀಠೋಪಕರಣ ಸೇರಿದೆಯೋ ಇಲ್ಲವೋ ಅಂತ ಪಕ್ಕದಲ್ಲೇ ಗುರುತು ಹಾಕು.

ವಿವಾದ ಆದ ಕಟ್ಟಡ ಸಿಕ್ಕಿದ್ದು ನಿನ್ನ ಅದೃಷ್ಟ. ಜಗಳ ಆಗದ ಕಟ್ಟಡದ ಬಗ್ಗೆ ಯಾರೂ ಏನೂ ಬರೆದಿಡುವುದಿಲ್ಲ. ಇಲ್ಲಿ ಹಾಗಲ್ಲ. ದುಂದುವೆಚ್ಚ ಅಂತ ವಿರೋಧ ಎದ್ದಿತು, ಸದನದಲ್ಲಿ ಗಲಾಟೆ ಆಯಿತು, ಖರ್ಚಿನ ಬಗ್ಗೆ ವಿಚಾರಣಾ ಸಮಿತಿ ಕೂತಿತು. ಕಟ್ಟಡ ಮುಗಿಯುವ ವರ್ಷ, 1956ರ ಆಗಸ್ಟ್‌ನಲ್ಲಿ, ಅದನ್ನು ಕಟ್ಟಿಸುತ್ತಿದ್ದ ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿ ಕುರ್ಚಿಯನ್ನೇ ಬಿಡಬೇಕಾಯಿತು. ಮೈಸೂರು ವಿಧಾನಸಭೆಯ ಚರ್ಚೆಗಳು ಅಚ್ಚಾಗಿವೆ. 1952ರಿಂದ 56ರವರೆಗಿನದನ್ನು ಓದು. ಬೈದವರ ಮಾತನ್ನು ಜಾಸ್ತಿ ಓದು. ಹೊಗಳಿದವರು ‘ಭವ್ಯ’ ಅಂದು ಸುಮ್ಮನಾಗುತ್ತಾರೆ. ಬೈಯುವವರು ಕಲ್ಲೆಷ್ಟು, ಕೂಲಿ ಎಷ್ಟು, ಮರದ ಕೆತ್ತನೆಗೆ ಎಷ್ಟು ಅಂತ ಲೆಕ್ಕ ಸಮೇತ ಕೇಳುತ್ತಾರೆ. ಕೆಲಸ ಮಾಡಿದ ಸಾವಿರಾರು ಜನರಲ್ಲಿ ಜೈಲಿನ ಕೈದಿಗಳೂ ಇದ್ದರು. ಅವರಿಗೆ ಒಂದು ಪುಟ ಇಡು.

ಬೆಂಗಳೂರಿನ ಎರಡು ದಿನವನ್ನು ಫೋಟೋ ತೆಗೆಯುವುದರಲ್ಲೇ ಕಳೆಯಬೇಡ. ಹಳೇ ಸರ್ಕಾರಿ ಕಡತಗಳನ್ನು ಇಡುವ ರಾಜ್ಯ ಪತ್ರಾಗಾರ ಇರುವುದೇ ವಿಧಾನಸೌಧದೊಳಗೆ. ಕಾಲೇಜಿನ ಪತ್ರ, ಐಡಿ ಕಾರ್ಡ್ ಜೊತೆಗಿರಲಿ. ಮೊದಲೇ ಫೋನ್ ಮಾಡು. ಎರಡನೇ, ನಾಲ್ಕನೇ ಶನಿವಾರ ಬೀಗ ಹಾಕಿರುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಅಷ್ಟು ದೂರ ಹೋಗಿ ಬೀಗ ನೋಡಿ ಬರಬೇಡ.

ನಕ್ಷೆಗಳು ನೋಡಲು ಸಿಕ್ಕರೆ ನಡುವಿನ ಚಿತ್ರ ಆಮೇಲೆ. ಮೊದಲು ಬಲಗಡೆ ಕೆಳಮೂಲೆಯ ಚೌಕ ನೋಡು. ಬರೆದವರು, ತಪಾಸಣೆ ಮಾಡಿದವರು, ತಾರೀಕು, ತಿದ್ದುಪಡಿ ಎಲ್ಲ ಅಲ್ಲೇ ಇರುತ್ತದೆ. ‘ನಿಮಗೆ ನಿಮ್ಮದೇ ವಾಸ್ತುಶಿಲ್ಪ ಇಲ್ಲವೇ?’ ಅಂತ ರಷ್ಯಾದಿಂದ ಬಂದವರು ಕೇಳಿದರು, ಅದಕ್ಕೇ ಕೆಂಗಲ್ ದ್ರಾವಿಡ ಶೈಲಿಯ ಕಲ್ಲಿನ ಅರಮನೆ ಎಬ್ಬಿಸಿದರು ಅಂತ ಒಂದು ಕತೆ ಓಡಾಡುತ್ತದೆ, ಅಲ್ವಾ? ಕತೆ ಚೆನ್ನಾಗಿದೆ. ಆದರೆ ಆ ಭೇಟಿಯ ತಾರೀಕು ಮತ್ತು ತಿದ್ದುಪಡಿಯ ತಾರೀಕು ಪಕ್ಕಪಕ್ಕ ಇಟ್ಟು ನೋಡದೆ ಬರೆಯಬೇಡ.

ಕಟ್ಟಡದ ಎದುರು ನಿಂತಾಗ ಇಷ್ಟು ನೆನಪಿಡು. ಅದೇ ವರ್ಷಗಳಲ್ಲಿ ಅತ್ತ ಚಂಡೀಗಢದಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಕಾಂಕ್ರೀಟಿನಲ್ಲಿ ರಾಜಧಾನಿ ಕಟ್ಟುತ್ತಿದ್ದರು. ಒಂದೇ ದೇಶ, ಒಂದೇ ದಶಕ. ಒಂದು ಕಡೆ ಹಳೆಯದರ ಗೊಡವೆಯೇ ಬೇಡ ಅನ್ನುವ ಹಟ, ಇನ್ನೊಂದು ಕಡೆ ದೇವಸ್ಥಾನದ ಕಂಬ, ಕಂಬದ ತಲೆಯ ಬೋದಿಗೆ, ಗೋಪುರ. ನನಗೆ ಕೇಳಿದರೆ ವಿಧಾನಸೌಧ ದೂರದಿಂದ ಗಂಭೀರ, ಹತ್ತಿರ ಹೋದಂತೆ ಅಲಂಕಾರ ಸ್ವಲ್ಪ ಜಾಸ್ತಿ. ನೀನು ಒಪ್ಪಬೇಕಾಗಿಲ್ಲ. ಗುಮ್ಮಟ ಮಾತ್ರ ಹೋಗುವ ಮುಂಚೆ ನಮ್ಮ ಕಲಬುರಗಿಯ ಹಫ್ತ್ ಗುಂಬಜ್ ಗೋರಿಗಳ ಹತ್ತಿರ ಒಂದು ಬೆಳಗ್ಗೆ ಕೂತು ಬರೆದು ಕೈ ಪಳಗಿಸಿಕೋ.

ಇನ್ನು ಗೈಡ್ ಕೇಳಿದ ಪ್ರಶ್ನೆ, ನಿನ್ನದೇನಿದೆ ಅಂತ. ತಂಗಿ, ಆ ಕಟ್ಟಡ ಏಳುತ್ತಿದ್ದಾಗ ಕಲಬುರಗಿ ಮೈಸೂರು ರಾಜ್ಯದಲ್ಲೇ ಇರಲಿಲ್ಲ! ನಾವು ಹೈದರಾಬಾದ್ ರಾಜ್ಯದವರು. ನಮ್ಮ ಶಾಸಕರು ಕೂರುತ್ತಿದ್ದುದು ಅಲ್ಲಿನ ಪಬ್ಲಿಕ್ ಗಾರ್ಡನ್‌ನ ಬಿಳಿ ಕಟ್ಟಡದಲ್ಲಿ. 1956ರ ನವೆಂಬರ್ 1ರಂದು ನಾವು ಇತ್ತ ಬಂದೆವು. ವಿಧಾನಸೌಧದ ಖರ್ಚಿನಲ್ಲಿ ನಮ್ಮ ಪಾಲಿನ ತೆರಿಗೆ ಇರಲಿಲ್ಲ, ಆ ಜಗಳದಲ್ಲಿ ನಮ್ಮ ಬಾಯಿಯೂ ಇರಲಿಲ್ಲ. ಬೇರೆಯವರು ಜಗಳಾಡಿ ಕಟ್ಟಿದ ಮನೆಗೆ ನಾವು ಗೃಹಪ್ರವೇಶದ ಹೊತ್ತಿಗೆ ಬಂದ ಸೊಸೆಯರು. ಬೆಂಗಳೂರಿನ ವಿದ್ಯಾರ್ಥಿ ಇದನ್ನು ಬರೆಯುವುದಿಲ್ಲ. ನೀನು ಬರೆಯಬಹುದು. 80 ದಾಟಿದ ಹಿರಿಯರು ನಿಮ್ಮ ಓಣಿಯಲ್ಲಿದ್ದರೆ, ಮೊದಲ ಸಲ ವಿಧಾನಸೌಧ ನೋಡಿದಾಗ ಅದು ತಮ್ಮದು ಅನಿಸಿತೇ ಅಂತ ಕೇಳು. ಅವರ ಮಾತನ್ನು ತಿದ್ದದೆ ಬರೆದುಕೋ. ಉರ್ದು ಬೆರೆತಿದ್ದರೆ ಬೆರೆತೇ ಇರಲಿ.

ಪ್ರಶ್ನೆ: ವಿಧಾನಸೌಧ ಕಟ್ಟಿಸಿದ್ದು ಕೆಂಗಲ್ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಮಾಸ್ತರು ಕೆ.ಸಿ. ರೆಡ್ಡಿ ಅನ್ನುತ್ತಿದ್ದರು. ಯಾರ ಮಾತು ಖರೆ?
— ಓದುಗರೊಬ್ಬರು, ಹುಮನಾಬಾದ್

ಉತ್ತರ: ನಿಮ್ಮ ಮಾಸ್ತರರದು ಶಂಕುಸ್ಥಾಪನೆಯ ಲೆಕ್ಕ. 1951ರ ಜುಲೈ 13ರಂದು ನೆಹರೂ ಕಲ್ಲಿಟ್ಟಾಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ಆಗಿನ ಯೋಜನೆ ಸರಳವಾಗಿತ್ತು. 1952ರಲ್ಲಿ ಬಂದ ಕೆಂಗಲ್ ಅದನ್ನು ಬದಲಾಯಿಸಿ, ಈಗ ನಾವು ನೋಡುವ ರೂಪಕ್ಕೆ ತಂದರು. ಹಾಗಾಗಿ ಇಬ್ಬರ ಮಾತೂ ಖರೆ. ಆದರೆ ನಕ್ಷೆಯ ಹೊಣೆ ಹೊತ್ತ ಬಿ.ಆರ್. ಮಾಣಿಕಂ ಅವರ ಹೆಸರನ್ನು ನೀವೂ ಎತ್ತಲಿಲ್ಲ, ಮಾಸ್ತರೂ ಎತ್ತಲಿಲ್ಲ. ನಕ್ಷೆ ಗೀಚಿಯೇ ಹೊಟ್ಟೆ ಹೊರೆದವನು ನಾನು. ಸ್ವಲ್ಪ ಬೇಜಾರಾಯಿತು ನೋಡಿ.