ಚಾರ್ಮಿನಾರ್ ಸುತ್ತಿನ ರಂಜಾನ್ ರಾತ್ರಿ ಬಜಾರಿಗೆ ಹೊರಟಿದ್ದೀವಿ, ಹೈದರಾಬಾದಿನಲ್ಲಿ ಯಾವ ಕಡೆ ರೂಮ್ ಮಾಡೋದು?

ಎರಡೂ ಬೇಡ ರೀ.

ಮಾನ್ವಿಯಿಂದ ನೀವು, ನಿಮ್ಮ ಮನೆಯವರು, ಮೊಣಕಾಲು ನೋವಿನ ಅವ್ವ, ಎಂಟು ವರ್ಷದ ಮಗಳು. ಒಟ್ಟು ನಾಲ್ಕು ಮಂದಿ, ಒಂದೇ ರಾತ್ರಿ, ಊಟ ಸಸ್ಯಾಹಾರ. ಚಾರ್ಮಿನಾರ್ ಮಗ್ಗುಲಲ್ಲೇ ಲಾಡ್ಜ್ ಹಿಡಿಯೋದಾ, ಸಿಕಂದರಾಬಾದ್ ಕಡೆ ದೊಡ್ಡ ಹೋಟೆಲ್ ನೋಡೋದಾ ಅಂತ ಕೇಳಿದ್ದೀರಿ. ನಾನಾದರೆ ಎರಡನ್ನೂ ಬಿಟ್ಟು ನಾಂಪಲ್ಲಿ, ಆಬಿಡ್ಸ್, ಕೋಠಿ ಈ ಮೂರರಲ್ಲಿ ಎಲ್ಲಾದರೂ ಇಳಿಯುತ್ತೇನೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮದು ರಾಯಚೂರಿನ ತೀನ್ ಕಂದೀಲ್ ಹತ್ತಿರ ಸಣ್ಣ ಬಳೆ ಅಂಗಡಿ. ವರ್ಷಕ್ಕೆ ಮೂರು ನಾಲ್ಕು ಸಲ ಚಾರ್ಮಿನಾರ್ ಹತ್ತಿರದ ಲಾಡ್ ಬಜಾರಿಗೆ ಹೋಗಿ ಮಾಲು ತರುತ್ತೇವೆ. ನಮ್ಮ ಮಾವನವರಿಗಂತೂ ಹೈದ್ರಾಬಾದ್ ಅಂದರೆ ಪರ ಊರೇ ಅಲ್ಲ. 1956ರ ತನಕ ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇತ್ತಲ್ಲ, ಮದುವೆ ಜವಳಿಗೂ ಅಲ್ಲಿಗೆ, ದೊಡ್ಡ ಡಾಕ್ಟರಿಗೂ ಅಲ್ಲಿಗೆ. ಆದರೆ ರಂಜಾನಿನ ರಾತ್ರಿ ಬಜಾರಿಗೆ ಮೊದಲ ಸಲ ಹೋದಾಗ ನಾವೂ ದಡ್ಡರಾದೆವು.

ಆಗಿದ್ದಿಷ್ಟು. ಅತ್ತೆಯವರೂ ಜೊತೆಗಿದ್ದರು. ಮೊಬೈಲಿನಲ್ಲಿ ನೋಡಿ ‘ಚಾರ್ಮಿನಾರಿಗೆ 2 ಕಿಲೋಮೀಟರ್’ ಅಂತ ಇದ್ದ ಲಾಡ್ಜ್ ಒಂದನ್ನು ಬುಕ್ ಮಾಡಿದೆವು. ರೂಮೇನೋ ಚೊಕ್ಕವಾಗಿತ್ತು. ಸಂಜೆ ಹೋಗುವಾಗ ಏನೂ ತೊಂದರೆ ಆಗಲಿಲ್ಲ. ವಾಪಸ್ ಹೊರಟಾಗ ರಾತ್ರಿ ಎರಡೂವರೆ. ಆಗ ಗೊತ್ತಾಯಿತು, ಆ ಎರಡು ಕಿಲೋಮೀಟರ್ ನಕ್ಷೆಯ ಮೇಲೆ ಗೆರೆ ಎಳೆದು ಅಳೆದದ್ದು. ನಡುವೆ ಮೂಸಿ ನದಿ ಇದೆ, ಅದನ್ನು ಎಲ್ಲೆಂದರಲ್ಲಿ ದಾಟೋಕೆ ಆಗುತ್ತದಾ? ಸೇತುವೆ ಹುಡುಕಿಕೊಂಡು ಸುತ್ತಿ ಬರಬೇಕು. ಆಟೊದವನು ಬಾಯಿಗೆ ಬಂದಷ್ಟು ಕೇಳಿದ, ಕೊಟ್ಟೆವು. ಲಾಡ್ಜ್ ಮುಟ್ಟಿದರೆ ಶಟರ್ ಎಳೆದಿದೆ! ಅರ್ಧ ತಾಸು ಬಡಿದೆವು. ಅತ್ತೆಯವರು ಬಳೆ ಗಂಟಿನ ಮೇಲೆಯೇ ಕೂತುಬಿಟ್ಟರು. ಕೊನೆಗೆ ರೂಮ್ ಬಾಯ್ ಕಣ್ಣುಜ್ಜಿಕೊಂಡು ಬಂದು ತೆಗೆದ. ಮಲಗಿದಾಗ ನಾಲ್ಕು. ಒಂಬತ್ತಕ್ಕೆ ಬಾಗಿಲು ಬಡಿದರು, ‘ಚೆಕ್ ಔಟ್ ಟೈಮ್’ ಅಂತ.

ಅವತ್ತಿನಿಂದ ನಾನು ರೂಮ್ ನೋಡುವ ರೀತಿಯೇ ಬೇರೆ. ಹೋಗೋಕೆ ಎಷ್ಟು ಹತ್ತಿರ ಅಂತ ಕೇಳುವುದಿಲ್ಲ. ರಾತ್ರಿ ಮೂರಕ್ಕೆ ಕೈತುಂಬ ಚೀಲ, ಹೆಗಲ ಮೇಲೆ ನಿದ್ದೆ ಹೋದ ಕೂಸು ಹೊತ್ತು ಹೇಗೆ ವಾಪಸ್ ಬರೋದು, ಬಂದ ಮೇಲೆ ಎಷ್ಟು ಹೊತ್ತು ಮಲಗೋಕೆ ಬಿಡುತ್ತಾರೆ, ಇದನ್ನು ಕೇಳುತ್ತೇನೆ.

ಊರಿನ ನಕ್ಷೆ ಒಂಚೂರು ತಲೆಯಲ್ಲಿ ಇಟ್ಟುಕೊಳ್ಳಿ. ಹಳೇ ಊರು, ಅಂದರೆ ಚಾರ್ಮಿನಾರ್, ಲಾಡ್ ಬಜಾರ್, ಪತ್ತರ್‌ಗಟ್ಟಿ, ಮದೀನಾ ಸರ್ಕಲ್, ಎಲ್ಲ ಮೂಸಿಯ ದಕ್ಷಿಣಕ್ಕೆ. ನಯಾಪುಲ್ ಸೇತುವೆ ದಾಟಿ ಉತ್ತರಕ್ಕೆ ಬಂದರೆ ಅಫ್ಜಲ್‌ಗಂಜ್, ಆಮೇಲೆ ಕೋಠಿ, ಆಬಿಡ್ಸ್, ನಾಂಪಲ್ಲಿ. ಚಾರ್ಮಿನಾರಿನಿಂದ ಅಫ್ಜಲ್‌ಗಂಜ್ ಸುಮಾರು ಒಂದೂವರೆ ಕಿಲೋಮೀಟರ್, ಕೋಠಿ ಮೂರು, ಆಬಿಡ್ಸ್ ಮತ್ತು ನಾಂಪಲ್ಲಿ ನಾಲ್ಕರ ಆಸುಪಾಸು. ಸಿಕಂದರಾಬಾದ್ ಒಂಬತ್ತು ಹತ್ತು ಕಿಲೋಮೀಟರ್ ದೂರ. ಹಗಲಾದರೆ ಮೆಟ್ರೊ ಹತ್ತಿ ಹೋಗಬಹುದು, ಆದರೆ ರಾತ್ರಿ ಹನ್ನೊಂದರ ಹೊತ್ತಿಗೆ ಕೊನೆಯ ಗಾಡಿ. ಬಜಾರ್ ಸರಿಯಾಗಿ ಕಳೆ ಕಟ್ಟೋದೇ ಆವಾಗ. ಮೆಟ್ರೊ ಇನ್ನೂ ಹಳೇ ಊರಿನ ಒಳಗೆ ಹೋಗುವುದೂ ಇಲ್ಲ. ಹತ್ತಿರದ ಸ್ಟೇಷನ್ ಅಂದರೆ ಎಂಜಿಬಿಎಸ್ (ಮಹಾತ್ಮ ಗಾಂಧಿ ಬಸ್ ಸ್ಟೇಷನ್), ಅಲ್ಲಿಂದ ಚಾರ್ಮಿನಾರಿಗೆ ಸುಮಾರು ಎರಡು ಕಿಲೋಮೀಟರ್. ಹಾಗಾಗಿ ಸಿಕಂದರಾಬಾದ್ ಮರೆತುಬಿಡಿ. ಹೈಟೆಕ್ ಸಿಟಿ ಕಡೆ ಯಾರಾದರೂ ನೆಂಟರು ಕರೆದರೂ ಬಜಾರಿನ ರಾತ್ರಿ ಬೇಡ, ಮರುದಿನ ಹೋಗಿ ಊಟ ಮಾಡಿ ಬನ್ನಿ.

ಚಾರ್ಮಿನಾರ್ ಮಗ್ಗುಲಲ್ಲೇ ಯಾಕೆ ಬೇಡ? ಮದೀನಾ, ಪತ್ತರ್‌ಗಟ್ಟಿ ಕಡೆ ಲಾಡ್ಜ್ ಇವೆ. ವ್ಯಾಪಾರಕ್ಕೆ ಬರುವ ಗಂಡಸರು ಇಳಿಯುತ್ತಾರೆ, ಅವರಿಗೆ ಸರಿ. ಆದರೆ ರಂಜಾನಿನಲ್ಲಿ ಸಂಜೆಯ ಮೇಲೆ ಆ ಕಡೆ ಗಾಡಿ ಬಿಡುವುದಿಲ್ಲ, ಪೊಲೀಸರು ದಾರಿ ತಿರುಗಿಸುತ್ತಾರೆ. ನೀವು ಬಸ್ಸಿಳಿದು ಬ್ಯಾಗು ಹೊತ್ತುಕೊಂಡು, ಅವ್ವನ ಕೈ ಹಿಡಿದುಕೊಂಡು ಆ ಮಂದಿಯ ನಡುವೆ ರೂಮ್ ಹುಡುಕಬೇಕು. ಮಲಗಿದರೆ ಕಿಟಕಿಯ ಕೆಳಗೇ ‘ಪಚಾಸ್, ಪಚಾಸ್’ (ಐವತ್ತು, ಐವತ್ತು) ಅಂತ ಕೂಗು, ಸಹರಿ, ಅಂದರೆ ಉಪವಾಸಕ್ಕೆ ಮುಂಚಿನ ನಸುಕಿನ ಊಟ, ಆಗುವ ತನಕ. ನಿಮ್ಮ ಮಗಳಿಗೆ ಖುಷಿ ಆಗಬಹುದು, ಅವ್ವನಿಗೆ ಆಗಲಿಕ್ಕಿಲ್ಲ.

ಅಫ್ಜಲ್‌ಗಂಜ್ ನಡುವಿನ ಜಾಗ. ನಾನು ಮತ್ತು ನಮ್ಮ ಮನೆಯವರು ಇಬ್ಬರೇ ಹೋದರೆ ಅಲ್ಲೇ ಇಳಿಯುತ್ತೇವೆ, ನಯಾಪುಲ್ ದಾಟಿ ನಡೆದೇ ಬಂದುಬಿಡುತ್ತೇವೆ. ನಿಮ್ಮ ಸಂಸಾರಕ್ಕೆ ಮಾತ್ರ ನಾಂಪಲ್ಲಿ ಇಲ್ಲವೇ ಆಬಿಡ್ಸ್ ಅನ್ನುತ್ತೇನೆ. ನಾಂಪಲ್ಲಿಯಲ್ಲಿ ರೈಲ್ವೆ ಸ್ಟೇಷನ್ ಇದೆ, ಹೊತ್ತಲ್ಲದ ಹೊತ್ತಿನಲ್ಲಿ ಪ್ಯಾಸೆಂಜರು ಬರುತ್ತಲೇ ಇರುತ್ತಾರೆ. ಹಾಗಾಗಿ ಅಲ್ಲಿಯ ಹೆಚ್ಚಿನ ಲಾಡ್ಜ್‌ನವರು ಶಟರ್ ಎಳೆದು ಮಲಗೋದಿಲ್ಲ, ರಿಸೆಪ್ಷನ್‌ನಲ್ಲಿ ಒಬ್ಬ ಎಚ್ಚರ ಇರುತ್ತಾನೆ. ಸ್ಟೇಷನ್ ಹತ್ತಿರದ ಲಾಡ್ಜ್‌ಗಳಲ್ಲಿ 24 ತಾಸಿನ ಚೆಕ್ ಔಟ್ ಸಿಗುವುದೂ ಜಾಸ್ತಿ. ಅಂದರೆ ಮಧ್ಯಾಹ್ನ ಎರಡಕ್ಕೆ ಹೊಕ್ಕರೆ ಮರುದಿನ ಎರಡರ ತನಕ ರೂಮ್ ನಿಮ್ಮದೇ. ರಾತ್ರಿ ಬಜಾರಿಗೆ ಹೋಗುವವರಿಗೆ ಎಸಿ, ಟಿವಿ, ಬೆಳಗಿನ ಪುಕ್ಕಟೆ ನಾಷ್ಟಾ ಎಲ್ಲಕ್ಕಿಂತ ಇದು ದೊಡ್ಡದು. ಆ ಪುಕ್ಕಟೆ ನಾಷ್ಟಾ ಹತ್ತಕ್ಕೆ ಮುಗಿದಿರುತ್ತದೆ, ನೀವು ಎದ್ದಿರೋದೇ ಇಲ್ಲ!

ಬುಕ್ ಮಾಡೋಕೆ ಮುಂಚೆ ಲಾಡ್ಜಿಗೇ ಫೋನ್ ಮಾಡಿ. ನಮ್ಮ ರಾಯಚೂರಿನ ಉರ್ದು ಸಾಕು: ‘ರಾತ್ ತೀನ್ ಬಜೇ ಆತೇ, ಗೇಟ್ ಖುಲಾ ರೈತಾ ಕ್ಯಾ?’ (ರಾತ್ರಿ ಮೂರಕ್ಕೆ ಬರ್ತೀವಿ, ಗೇಟ್ ತೆಗೆದಿರುತ್ತಾ?) ಅವನು ಅರೆಕ್ಷಣ ತಡೆದು ‘ದೇಖತೇ’ (ನೋಡೋಣ) ಅಂದರೆ ಆ ಲಾಡ್ಜ್ ಬಿಟ್ಟುಬಿಡಿ. ಆಮೇಲೆ ಬಿಸಿನೀರು. ‘ಬಿಸಿನೀರು ಇದೆ’ ಅನ್ನುತ್ತಾರೆ, ಆದರೆ ಬೆಳಿಗ್ಗೆ ಆರರಿಂದ ಒಂಬತ್ತರ ತನಕ ಮಾತ್ರ ಅಂತ ಹೇಳುವುದಿಲ್ಲ. ರೂಮಿನಲ್ಲೇ ಗೀಸರ್ ಇದೆಯಾ ಅಂತ ಬಿಡಿಸಿ ಕೇಳಿ. ಅವ್ವನಿಗೆ ಲಿಫ್ಟ್ ಬೇಕು, ವೆಸ್ಟರ್ನ್ ಕಮೋಡ್ ಬೇಕು. ಲಿಫ್ಟ್ ಇದ್ದರೂ ರಾತ್ರಿ ಬಂದ್ ಮಾಡುವ ಲಾಡ್ಜ್ ನೋಡಿದ್ದೇನೆ, ಅದಕ್ಕೇ ಮೊದಲ ಮಹಡಿಯೊಳಗೇ ಕೊಡಿ ಅನ್ನಿ. ರಸ್ತೆ ಕಡೆಯ ರೂಮ್ ಬೇಡ, ಹಿಂದಿನದು ಕೊಡಿ ಅಂತಲೂ ಹೇಳಿ. ದೊಡ್ಡವರೆಲ್ಲರ ಆಧಾರ್ ಇರಲಿ. ಅವ್ವನದು ಮನೆಯಲ್ಲೇ ಉಳಿದರೆ ಅಲ್ಲಿ ಕಿರಿಕಿರಿ.

ದುಡ್ಡಿನ ಮಾತು. ಹೋದ ಸಲ ನಾಂಪಲ್ಲಿಯಲ್ಲಿ ಎಸಿ ಡಬಲ್ ರೂಮಿಗೆ ₹1,900 ಕೊಟ್ಟೆವು, ಎಕ್ಸ್‌ಟ್ರಾ ಹಾಸಿಗೆಗೆ ಬೇರೆ. ಇನ್ನೊಂದು ವಿಷಯ, 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500 ತನಕದ ರೂಮಿಗೆ ಜಿಎಸ್‌ಟಿ ಶೇ 5 ಮಾತ್ರ, ಮೊದಲು ಶೇ 12 ಇತ್ತು. ಬಿಲ್ಲಿನಲ್ಲಿ ಹಳೇ ಲೆಕ್ಕ ಹಾಕಿದ್ದರೆ ಸುಮ್ನೆ ಕೊಡಬೇಡಿ.

ಊಟಕ್ಕೆ ಬರೋಣ. ಆಬಿಡ್ಸ್ ಅಂದಿದ್ದಕ್ಕೆ ಇದೂ ಒಂದು ಕಾರಣ. ರಂಜಾನಿನಲ್ಲಿ ಚಾರ್ಮಿನಾರ್ ಸುತ್ತ ಎಲ್ಲಿ ನೋಡಿದರೂ ಮಾಂಸ, ಗೋಧಿ ಬೇಯಿಸಿ ಮಾಡುವ ಹಲೀಮ್ ಭಟ್ಟಿ, ಕಬಾಬ್ ಹೊಗೆ. ತಿನ್ನುವವರಿಗೆ ಹಬ್ಬ, ನಿಮಗೆ ಹಣ್ಣು, ಖರ್ಜೂರ, ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು. ಹೊಟ್ಟೆ ತುಂಬ ಉಣ್ಣಬೇಕು ಅಂದರೆ ಹೊರಡುವ ಮೊದಲೇ ಆಬಿಡ್ಸ್ ಕಡೆ ಉಂಡು ಹೋಗಿ. ಅಲ್ಲಿಯ ತಾಜ್ ಮಹಲ್ ಹೋಟೆಲ್ 1948ರಿಂದ ಇರುವ ಸಸ್ಯಾಹಾರಿ ಹೋಟೆಲು, ಅವ್ವನಿಗೆ ಅನ್ನ ಸಾರು ಸಿಗುತ್ತದೆ. ವಾಪಸ್ ಬರುವಾಗ ಮೂರು ದಾಟಿದ್ದರೆ ಮೊಝಂಜಾಹಿ ಮಾರ್ಕೆಟ್ ಹತ್ತಿರ ‘ರಾಮ್ ಕೀ ಬಂಡಿ’ ಅಂತ ದೋಸೆ ಗಾಡಿ ಇರುತ್ತದೆ, ನಸುಕಿನಲ್ಲೇ ಶುರು ಮಾಡುತ್ತಾರೆ. ಬೆಣ್ಣೆ ಸುರಿದು ಕೊಡುತ್ತಾರೆ, ನನಗೆ ಬೆಣ್ಣೆ ಜಾಸ್ತಿ ಅನಿಸಿತು, ನಮ್ಮ ಮನೆಯವರು ಎರಡು ಹೊಡೆದರು. ನಾಂಪಲ್ಲಿಯಲ್ಲೂ ಆಬಿಡ್ಸ್‌ನಲ್ಲೂ ರೂಮ್ ಇದ್ದವರಿಗೆ ಅದು ದಾರಿಯಲ್ಲೇ.

ಯಾವ ದಿನ ಹೋಗೋದು ಅಂತ ನೀವು ಕೇಳಿಲ್ಲ, ಆದರೆ ರೂಮ್ ಸಿಗೋದು ಬಿಡೋದು ಅದರ ಮೇಲೆಯೇ ನಿಂತಿದೆ. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಹೋದ ವರ್ಷದ ತಾರೀಖು ಹಿಡಿದು ಬುಕ್ ಮಾಡಬೇಡಿ. ಮೊದಲ ವಾರ ಬಜಾರ್ ಇನ್ನೂ ಕುದುರಿರುವುದಿಲ್ಲ. ಕೊನೆಯ ಮೂರು ನಾಲ್ಕು ರಾತ್ರಿ, ಅದರಲ್ಲೂ ಈದ್ ಹಿಂದಿನ ರಾತ್ರಿ, ಚಾಂದ್ ರಾತ್ ದಿನ, ಕಾಲಿಡೋಕೆ ಜಾಗ ಇರುವುದಿಲ್ಲ. ಕೊನೆಯ ಶುಕ್ರವಾರ ಮೆಕ್ಕಾ ಮಸೀದಿಯಲ್ಲಿ ದೊಡ್ಡ ನಮಾಜು, ಅವತ್ತು ಹಗಲು ರಸ್ತೆಗಳೇ ಬಂದ್. ಕೂಸು, ವಯಸ್ಸಾದವರು ಇದ್ದರೆ ನಡುವಿನ ಹತ್ತು ದಿನದಲ್ಲಿ ಒಂದು ವಾರದ ದಿನ ನೋಡಿ. ರಾತ್ರಿ ಎಂಟಕ್ಕೆ ಬಜಾರಿನಲ್ಲಿ ಇರಿ. ಆಗ ಮಸೀದಿಗಳಲ್ಲಿ ತರಾವೀಹ್, ಅಂದರೆ ರಂಜಾನಿನ ರಾತ್ರಿಯ ವಿಶೇಷ ನಮಾಜು ನಡೆದಿರುತ್ತದೆ, ಮಂದಿ ಕಡಿಮೆ. ಹತ್ತರ ಮೇಲೆ ಹೊಳೆ ಬಂದ ಹಾಗೆ ಬರುತ್ತಾರೆ. ಆಗ ಅವ್ವ, ಮಗಳನ್ನು ಒಬ್ಬರು ರೂಮಿಗೆ ಕರೆದೊಯ್ಯಿರಿ, ಇನ್ನೊಬ್ಬರು ನಿಂತು ವ್ಯಾಪಾರ ಮಾಡಲಿ. ಇದಕ್ಕೂ ರೂಮ್ ನಾಲ್ಕು ಕಿಲೋಮೀಟರಿನೊಳಗೆ ಇರಬೇಕು, ಅಲ್ವಾ? ಸಂಜೆ ಉಪವಾಸ ಬಿಡುವ ಇಫ್ತಾರ್ ಹೊತ್ತಿನಲ್ಲಿ ಮಾತ್ರ ಅಂಗಡಿಯವರ ಮುಂದೆ ನಿಂತು ರೇಟು ಕೇಳಬೇಡಿ. ದಿನವಿಡೀ ನೀರೂ ಕುಡಿದಿರುವುದಿಲ್ಲ ಅವರು.

ಹೋಗುವ ದಾರಿ ನಿಮಗೆ ಗೊತ್ತೇ ಇದೆ. ರಾಯಚೂರಿನಿಂದ ಶಕ್ತಿನಗರ, ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲಾ ಮೇಲೆ ಬಸ್ಸಿಗೆ ಸುಮಾರು ಐದು ತಾಸು. ಎಂಜಿಬಿಎಸ್‌ನಲ್ಲಿ ಇಳಿದರೆ ಕೋಠಿ, ಆಬಿಡ್ಸ್ ಹತ್ತಿರವೇ. ರೈಲು ಬೇಕಾದರೆ 2023ರ ಅಕ್ಟೋಬರಿನಲ್ಲಿ ಕೃಷ್ಣಾ, ದೇವರಕದ್ರ ಮೇಲಿನ ಹೊಸ ದಾರಿಯಲ್ಲಿ ರಾಯಚೂರು–ಕಾಚಿಗುಡ ಗಾಡಿ ಶುರುವಾಗಿದೆ. ಸ್ವಂತ ಕಾರು ಒಯ್ಯುವುದಾದರೆ ಪಾರ್ಕಿಂಗ್ ಇರುವ ಲಾಡ್ಜ್ ಹಿಡಿದು ಕಾರನ್ನು ಅಲ್ಲೇ ಬಿಡಿ, ಬಜಾರಿಗೆ ಆಟೊ. ಆಟೊದವರು ಮದೀನಾ ಹತ್ತಿರವೇ ಇಳಿಸುತ್ತಾರೆ, ಅಲ್ಲಿಂದ ಪತ್ತರ್‌ಗಟ್ಟಿ ಹಾದು ನೇರ ನಡೆದರೆ ಚಾರ್ಮಿನಾರ್. ವಾಪಸ್ ಬರುವಾಗ ಚಾರ್ಮಿನಾರ್ ಬುಡದಲ್ಲಿ ಆಟೊ ಹುಡುಕುತ್ತ ನಿಲ್ಲಬೇಡಿ, ನಯಾಪುಲ್ ತನಕ ನಡೆದು ಬನ್ನಿ, ಬಾಡಿಗೆ ಅಲ್ಲಿ ಇಳಿಯುತ್ತದೆ. ಒಂದು ಸಲ ಅಂಥ ಆಟೊದವನ ಹತ್ತಿರ ನಮ್ಮ ಮಾವನವರು ‘ನಿಮ್ಮ ಚಾರ್ಮಿನಾರ್ 1591ರದ್ದು, ನಮ್ಮ ರಾಯಚೂರಿನ ಏಕ್ ಮಿನಾರ್ 1513ರದ್ದು, ನಾವೇ ಹಿರಿಯರು’ ಅಂತ ವಾದ ಹಾಕಿ ಇಪ್ಪತ್ತು ರೂಪಾಯಿ ಕಡಿಮೆ ಮಾಡಿಸಿದ್ದರು. ನೀವೂ ಹೇಳಿ ನೋಡಬಹುದು.

ನಿಮ್ಮ ಮನೆಯವರು ಅರಗಿನ ಬಳೆ ತಗೊಳ್ಳದೆ ಬರುವುದಿಲ್ಲ ಅಂತ ನನಗೆ ಗೊತ್ತು. ಮೊದಲ ಅಂಗಡಿಯಲ್ಲಿ ಸುಮ್ನೆ ನೋಡಿ, ರೇಟು ಕೇಳಿ, ನಾಲ್ಕನೆಯದರಲ್ಲಿ ಕೊಳ್ಳಿ. ಊರಲ್ಲಿ ಉಳಿದವರಿಗೂ ತರೋದಿದ್ದರೆ ಅವರ ಅಳತೆಯ ಹಳೇ ಬಳೆ ಒಂದೊಂದು ಚೀಲದಲ್ಲಿ ಒಯ್ಯಿರಿ, ಬಳೆ ಸೈಜು ಎರಡು ನಾಲ್ಕೋ ಎರಡು ಆರೋ ಅಂತ ಅಂದಾಜಿನಲ್ಲಿ ತಂದರೆ ಅರ್ಧಕ್ಕರ್ಧ ಕೈಗೆ ಏರುವುದಿಲ್ಲ. ಮತ್ತೆ ಮರುದಿನ ಚೆಕ್ ಔಟ್ ಮಾಡಿ ಬಳೆ ಡಬ್ಬಿಯನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಇಟ್ಟು ಕೋಠಿಯ ಸುಲ್ತಾನ್ ಬಜಾರ್ ಸುತ್ತೋಕೆ ಹೋಗಬೇಡಿ, ಅರಗು ಮೆತ್ತಗಾಗಿ ಹರಳು ಕದಲುತ್ತವೆ. ಡಬ್ಬಿಯನ್ನು ರಿಸೆಪ್ಷನ್‌ನಲ್ಲಿ ಬಿಟ್ಟು ಹೋಗಿ, ನಾಂಪಲ್ಲಿ ಲಾಡ್ಜ್‌ಗಳಲ್ಲಿ ಸಂಜೆಯ ತನಕ ಇಟ್ಟುಕೊಳ್ಳುತ್ತಾರೆ.